ನಳದ ಗೂಟಕ್ಕೆ ಕುಂಕುಮ

ಆದೋನಿಯ ನಮ್ಮ ಓಣಿಗೆ ಮುನ್ಸಿಪಾಲ್ಟಿಯ ನಳ ಬಂದದ್ದು ಒಂದು ಸುಳ್ಳಿನಿಂದ. ಆ ಸುಳ್ಳು ನನ್ನದು. ಬಾಯಿ ಬಿಟ್ಟು ಹೇಳಲಿಲ್ಲ, ಎರಡು ಬೆರಳಿನಲ್ಲಿ ಹೇಳಿದೆ ಅಷ್ಟೆ. ಇಷ್ಟು ವರ್ಷ ಯಾರ ಮುಂದೆಯೂ ಉಸಿರೆತ್ತಿರಲಿಲ್ಲ. ಈಗ ಆ ಓಣಿಯವರು ಬಹಳ ಮಂದಿ ಉಳಿದಿಲ್ಲ, ಉಳಿದವರಿಗೆ ನನ್ನ ಮೇಲೆ ಸಿಟ್ಟು ಮಾಡುವಷ್ಟು ಹಲ್ಲಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ನಾನು ಮದ್ದಿಕೇರದ ಹುಡುಗಿ. ಕರ್ನೂಲು ರಾಜಧಾನಿ ಅನ್ನಿಸಿಕೊಂಡು ಮೆರೆಯುತ್ತಿದ್ದ ಆ ಎರಡು ಮೂರು ವರ್ಷಗಳಲ್ಲೇ ನನ್ನ ಮದುವೆಯಾಗಿ ಆದೋನಿಗೆ ಬಂದೆ. ಸಂಬಂಧ ತಂದ ಹಿರಿಯರು ನಮ್ಮಪ್ಪನಿಗೆ ಆದೋನಿಯನ್ನು ಹಾಡಿ ಹೊಗಳಿದ್ದರು. ಹುಡುಗ ಹತ್ತಿ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತ, ಊರಲ್ಲಿ ಲೈಟು ಐತಿ, ರೈಲು ಐತಿ, ಸಿನಿಮಾ ಐತಿ ಅಂತ. ನೀರು ಐತೇನು ಅಂತ ನಮ್ಮಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೆಣ್ಣು ಕೊಡುವವರು ಕೇಳಬೇಕಾದ ಮೊದಲ ಮಾತು ಅದು ಅಂತ ನನ್ನ ಮೂವರು ಹೆಣ್ಣುಮಕ್ಕಳ ಮದುವೆಯಲ್ಲಿ ನಾನು ಮರೆಯದೆ ಕೇಳಿದೆ.

ಓಣಿಯ ಕೊನೆಗೆ ಒಂದು ಬಾವಿ ಇತ್ತು, ಆದರೆ ಅದರದು ಸವಳು ನೀರು. ಆ ನೀರಲ್ಲಿ ಬೇಳೆ ಹಾಕಿದರೆ ಹಾಕಿದ್ದು ಹಾಕಿದಂತೆಯೇ ಇರುತ್ತಿತ್ತು. ಬಟ್ಟೆ ಒಗೆಯಲು, ಅಂಗಳ ತೊಳೆಯಲು ಅದು. ಕುಡಿಯಲು, ಅಡಿಗೆಗೆ ಸೀನೀರು ಬೇಕೆಂದರೆ ಕೋಟೆ ಬೆಟ್ಟದ ಬುಡದ ಮೆಟ್ಟಿಲು ಬಾವಿಗೆ ಹೋಗಬೇಕು. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಕೊಡ, ಟೊಂಕದ ಮೇಲೆ ಇನ್ನೊಂದು. ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ. ದಾರಿಯಲ್ಲಿ ಜಿನ್ನುಗಳಿಂದ ಹಾರಿ ಬರುವ ಹತ್ತಿಯ ನವಿರು ಕೊಡದ ನೀರಿನ ಮೇಲೆ ಕೂತಿರುತ್ತಿತ್ತು. ಮನೆಗೆ ಬಂದು ಅದನ್ನು ಸೋಸಬೇಕು. ನನ್ನ ಗಂಡ ಪಾಪ ಒಮ್ಮೆ ಕನಿಕರಪಟ್ಟು ಸೈಕಲ್ಲಿಗೆ ಎರಡು ಮಣ್ಣಿನ ಕೊಡ ಕಟ್ಟಿಕೊಂಡು ಹೋದರು. ಬರುವಾಗ ಸೈಕಲ್ಲು ಬಂತು, ಇವರು ಬಂದರು, ಕೊಡದ ಕುತ್ತಿಗೆಗಳು ಹಗ್ಗದಲ್ಲಿ ಜೋತಾಡುತ್ತ ಬಂದವು. ಗಂಡಸು ನೀರು ಹೊತ್ತ ಅಂತ ಓಣಿಯವರೆಲ್ಲ ಒಂದು ವಾರ ನಕ್ಕರು. ಅಲ್ಲಿಗೆ ಆ ಕನಿಕರ ಮುಗಿಯಿತು.

ಇನ್ನು ನಮ್ಮ ಅತ್ತೆ. ಗಂಡನನ್ನು ಕಳೆದುಕೊಂಡು ಇದ್ದ ಒಬ್ಬ ಮಗನನ್ನು ಸಾಕಿದ ಹೆಂಗಸು. ಮೈಯಲ್ಲಿ ಮಾಂಸ ಇರಲಿಲ್ಲ, ಇದ್ದದ್ದೆಲ್ಲ ನಾಲಿಗೆ. ಮೊಣಕಾಲು ಹಿಡಿದಿದ್ದರಿಂದ ಕೊಡ ಹೊರುತ್ತಿರಲಿಲ್ಲ. ಆದರೂ ನಾನು ಒಂದು ದಿನವೂ ಒಬ್ಬಳೇ ಬಾವಿಗೆ ಹೋದದ್ದಿಲ್ಲ. ಕುಂಟುತ್ತ ಹಿಂದೆಯೇ ಬರುತ್ತಿದ್ದರು, ಪೊಲೀಸಿನವರು ಕಳ್ಳನ ಹಿಂದೆ ಬರುವ ಹಾಗೆ. ಬಾವಿಯ ಹತ್ತಿರ ಬಂದ ಮೇಲೆ ನನ್ನನ್ನು ದಡದಲ್ಲಿ ನಿಲ್ಲಿಸಿ, ಆ ನೋವಿನ ಕಾಲಲ್ಲಿ ತಾವೇ ಮೆಟ್ಟಿಲಿಳಿದು, ತಾವೇ ತುಂಬಿ, ಒಂದೊಂದೇ ಮೆಟ್ಟಿಲ ಮೇಲೆ ಕೊಡ ಇಡುತ್ತ ಮೇಲೆ ತಂದು ಕೊಡುತ್ತಿದ್ದರು. ನಾನು ಇಳಿಯುತ್ತೇನೆ ಅಂದರೆ, “ನಿನಗ ನೀರು ತುಂಬಾಕ ಬರಂಗಿಲ್ಲ, ಅರ್ಧ ಕೊಡ ಪಾಚಿ ತರ್ತಿ” ಅಂತಿದ್ದರು. ನೀರು ತುಂಬಲೂ ಬಾರದವಳು ಅಂತ ನಾಲ್ಕು ಜನರ ಮುಂದೆ ಅನ್ನಿಸಿಕೊಂಡು ನನಗೆ ಮೈ ಉರಿಯುತ್ತಿತ್ತು.

ಬಾರದವಳು ಅನ್ನಿಸಿಕೊಂಡದ್ದು ಅದೊಂದಕ್ಕೇ ಅಲ್ಲ. ನನ್ನ ರಂಗೋಲಿಯೂ ಓಣಿಗೆಲ್ಲ ಗೊತ್ತಿತ್ತು. ಎಂಟು ಎಸಳಿನ ಕಮಲ ಶುರು ಮಾಡಿದರೆ ನನಗೆ ಏಳೇ ಎಸಳಿಗೆ ಜಾಗ ಸಾಲುತ್ತಿತ್ತು. ಅದರಲ್ಲೂ ಕೊನೆಯದು ಸೊಟ್ಟ. ದಿನಾ ಬೆಳಿಗ್ಗೆ ಅದೇ. ಎದುರುಮನೆಯಾಕೆ ತನ್ನ ಕಟ್ಟೆಯಿಂದಲೇ ಎಸಳು ಎಣಿಸಿ, “ಮದ್ದಿಕೇರದಾಗ ಕಮಲಕ್ಕ ಏಳ ಎಸಳು ಬಿಡ್ತಾವೇನು?” ಅಂತ ಕೇಳುತ್ತಿದ್ದಳು. ಆಕೆಯ ತವರು ಪತ್ತಿಕೊಂಡ. ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು, ಬೈಗುಳ ಮಾತ್ರ ಎರಡರಲ್ಲೂ ಸರಾಗ. ಗಂಡ ಹತ್ತಿ ದಲಾಲಿ. ಆ ಧಿಮಾಕು ಆಕೆಯ ಮೂಗಿನ ನತ್ತಿನಲ್ಲೇ ಹೊಳೆಯುತ್ತಿತ್ತು.

ನಾನು ಆರು ತಿಂಗಳ ಬಸುರಿಯಾಗಿದ್ದಾಗ ಒಂದು ದಿನ ದಾರಿಯಲ್ಲಿ ಕಾಲು ಜಾರಿತು. ನಾನು ಬೀಳಲಿಲ್ಲ, ಗೋಡೆ ಹಿಡಿದೆ. ತಲೆ ಮೇಲಿನ ಕೊಡ ಬಿದ್ದು ಒಡೆಯಿತು. ಹಿಂದೆ ಬರುತ್ತಿದ್ದ ಅತ್ತೆ ಅಲ್ಲೇ ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. “ಕೊಡ ಹೋತು, ಕೊಡ ಹೋತು” ಅಂತ ಅದನ್ನೇ ಅನ್ನುತ್ತಿದ್ದರು. ಮನೆಗೆ ಬಂದ ಮೇಲೂ ಅದೇ ಗೊಣಗು. ಒಂದು ಮಣ್ಣಿನ ಕೊಡಕ್ಕೆ ಇಷ್ಟು ಸಂಕಟವೇ, ಹೊಟ್ಟೆಯಲ್ಲಿ ಕೂಸಿಟ್ಟುಕೊಂಡವಳು ಬಿದ್ದಿದ್ದರೆ ಏನು ಗತಿ ಅಂತ ಒಂದು ಮಾತು ಕೇಳಲಿಲ್ಲವಲ್ಲ ಅಂತ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಬಾಯಲ್ಲಿ ಆಕೆಗೆ ಶಾಪ ಹಾಕಿದೆ ಕೂಡ.

ಇಂಥ ಹೊತ್ತಿನಲ್ಲಿ ಮುನ್ಸಿಪಾಲ್ಟಿಯವರು ಬಂದರು. ಓಣಿಗೊಂದು ನಳ ಅಂತ ಮಂಜೂರಾಗಿದೆಯಂತೆ. ಓವರ್ಸಿಯರ್ ಒಬ್ಬರು, ಅವರ ಹಿಂದೆ ಪೈಪು ಕೂರಿಸುವ ಸಾಬ್ ಮೇಸ್ತ್ರಿ. ಟೇಪು ಹಿಡಿದು ಅತ್ತ ಇತ್ತ ಓಡಾಡಿ, ನಮ್ಮ ಮನೆಯ ತೆಂಕಣ ಮೂಲೆಯ ಮುಂದೆ ಒಂದು ಜಾಲಿ ಗೂಟ ಹೊಡೆದರು. ಮೊಳದುದ್ದ, ತುದಿಗೆ ಕೆಂಪು ಬಣ್ಣ. ಸುತ್ತ ಸುಣ್ಣದ ಬಳೆ ಎಳೆದು, ಎಂಟು ದಿನ ಬಿಟ್ಟು ಬರುತ್ತೇವೆ, ನಳ ನಿಲ್ಲುವುದು ಇಲ್ಲೇ ಅಂದು ಹೋದರು. ನಾನು ಬಾಗಿಲ ಸಂದಿಯಿಂದ ನೋಡಿ ಮನಸ್ಸಿನಲ್ಲೇ ಹೆಜ್ಜೆ ಎಣಿಸಿದೆ. ನಮ್ಮ ಅಡಿಗೆಮನೆಗೆ ಹದಿನೆಂಟು ಹೆಜ್ಜೆ. ಇಲ್ಲಿಂದ ಬೆಟ್ಟದ ಬುಡಕ್ಕೆ ಎಷ್ಟು ಹೆಜ್ಜೆ ಅಂತ ನಾನು ಎಂದೂ ಎಣಿಸಿರಲಿಲ್ಲ, ಎಣಿಸಿದ್ದರೆ ಮರುದಿನವೇ ತವರಿಗೆ ಓಡಿಹೋಗುತ್ತಿದ್ದೆ.

ಸಂಜೆಗೆ ಅತ್ತೆ ದಿಕ್ಕು ನೋಡಿದರು. ಅಲ್ಲಿಂದ ಕೆಟ್ಟಿತು.

ನೀರು ಈಶಾನ್ಯದಲ್ಲಿ ಇರಬೇಕು, ಇದು ಯಾರಿಗೆ ಗೊತ್ತಿಲ್ಲ. ಗೂಟ ನಮ್ಮ ಮನೆಗೆ ನೈರುತ್ಯ. ನೈರುತ್ಯದಲ್ಲಿ ನೀರು ನಿಂತರೆ ಮನೆಯ ಗಂಡಸಿಗೆ ಕೇಡು ಅಂತ ಅತ್ತೆ. ಎದುರುಮನೆಯಾಕೆಗೆ ಅದೇ ಗೂಟ ಆಗ್ನೇಯ, ಅಂದರೆ ಒಲೆಯ ಮೂಲೆ. ಬೆಂಕಿಯ ಜಾಗದಲ್ಲಿ ನೀರು ಹರಿದರೆ ಹೆಂಗಸಿಗೆ ಕೇಡು. ಹುಟ್ಟಿದಾಗಿನಿಂದ ಒಂದು ಮಾತಿಗೂ ಒಪ್ಪದ ಈ ಇಬ್ಬರು ಅಂದು ಒಂದಾದರು. ಸರಿ, ಗೂಟ ಬಡಗಣಕ್ಕೆ ಸರಿಯಲಿ ಅಂದರೆ ಎದುರುಮನೆಯಾಕೆಗೆ ಈಶಾನ್ಯ ಸಿಕ್ಕಿತು, ಆಕೆಯ ಪಕ್ಕದ ಮನೆಗೆ ಅದೇ ಆಗ್ನೇಯವಾಯಿತು. ನಮ್ಮ ಸಾಲಿನ ಗೋಳು ಇನ್ನೂ ದೊಡ್ಡದು. ನಮ್ಮ ಬಾಗಿಲೆಲ್ಲ ಪಡುವಣಕ್ಕೆ, ಓಣಿ ಇರುವುದೇ ಪಡುವಣಕ್ಕೆ. ಗೂಟವನ್ನು ಓಣಿಯಲ್ಲಿ ಎಲ್ಲಿ ಹೊಡೆದರೂ ನಮಗೆ ಈಶಾನ್ಯ ಆಗುವ ಮಾತೇ ಇಲ್ಲ. ನಮ್ಮ ಈಶಾನ್ಯ ನಮ್ಮ ಹಿತ್ತಲಲ್ಲಿ ಎಮ್ಮೆಯ ಹತ್ತಿರ ಇತ್ತು. ಹನ್ನೆರಡು ಮನೆಗೆ ಒಂದೇ ನಳ, ಆ ಒಂದು ನಳ ಹನ್ನೆರಡು ಮನೆಗೂ ಈಶಾನ್ಯ ಆಗಬೇಕು. ಬ್ರಹ್ಮನೇ ಮೇಸ್ತ್ರಿಯಾಗಿ ಬಂದರೂ ಪೈಪು ಹಿಡಿದು ಕೂತು ಅಳಬೇಕಾದ ಲೆಕ್ಕ.

ಬಾಯಿ ಬಿಟ್ಟು ಜಗಳವಾಡಿದರೆ ಮುನ್ಸಿಪಾಲ್ಟಿಗೆ ಗೊತ್ತಾಗುತ್ತದೆ. ಹಾಗಾಗಿ ಜಗಳ ಸಗಣಿನೀರಿನ ಹೊತ್ತಿನಲ್ಲಿ ನಡೆಯಿತು. ಬೆಳಗಾಗುತ್ತ ಹೆಂಗಸರು ಅಂಗಳಕ್ಕೆ ಸಗಣಿನೀರು ಚಿಮುಕಿಸಲು ಎದ್ದಾಗ, ಯಾವ ಕೈ ಮೊದಲು ಎದ್ದಿತೋ ಆ ಕೈ ಗೂಟ ಕಿತ್ತು ತನ್ನ ಮನೆಯ ಕೇಡು ತಪ್ಪುವಲ್ಲಿ ನೆಡುತ್ತಿತ್ತು. ಹಳೆಯ ಸುಣ್ಣದ ಗುರುತಿನ ಮೇಲೆ ಸಗಣಿ ಸಾರಿಸಿ, ರಂಗೋಲಿ ಹಾಕಿ, ಏನೂ ಅರಿಯದವರ ಹಾಗೆ ಒಳಗೆ ಹೋಗುತ್ತಿತ್ತು. ಸೋಮವಾರ ಎದುರುಮನೆಯ ಹತ್ತಿರ, ಮಂಗಳವಾರ ಓಣಿಯ ಬಾಯಿಯಲ್ಲಿ, ಬುಧವಾರ ಸವಳು ಬಾವಿಯ ಪಕ್ಕ. ನಮ್ಮ ಅತ್ತೆಯ ಪಾಲೂ ಇದರಲ್ಲಿ ಇತ್ತು, ನಾನೇ ಕಂಡಿದ್ದೇನೆ, ಎರಡು ಸಲ. ಮೊಣಕಾಲು ನೋವು ಅನ್ನುವವರು ಗೂಟ ಕೀಳುವಾಗ ಎಷ್ಟು ಚೆನ್ನಾಗಿ ಬಗ್ಗುತ್ತಿದ್ದರು ಅಂತೀರಿ. ಹಗಲಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಇದೇನ ಮಾಯೆ ಅಂತ ಕೆನ್ನೆ ಮೇಲೆ ಬೆರಳಿಡುತ್ತಿದ್ದರು.

ಗುರುವಾರ ಓವರ್ಸಿಯರ್ ಬಂದವರು ಗೂಟ ಹುಡುಕುತ್ತ ಓಣಿಯನ್ನು ಎರಡು ಸಲ ಸುತ್ತಿದರು. ಕೊನೆಗೆ ಅದು ಯಾರದೋ ಎಮ್ಮೆ ಕಟ್ಟುವ ಜಾಗದಲ್ಲಿ ಸಿಕ್ಕಿತು. “ಏಂದಮ್ಮಾ, ಗೂಟಾನಿಕಿ ಕಾಳ್ಳೊಚ್ಚಿನಾಯಾ?” ಅಂದರು, ಗೂಟಕ್ಕೆ ಕಾಲು ಬಂದಿವೆಯೇ ಅಂತ. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆ ಮನುಷ್ಯನಿಗೆ ರೇಗಿತು. ನಾಳೆ ಶುಕ್ರವಾರ ಬೆಳಿಗ್ಗೆ ಪೈಪು ಬರುತ್ತವೆ, ಓಣಿಯವರೆಲ್ಲ ಸೇರಿ ಜಾಗ ಇದು ಅಂತ ಒಂದು ಮಾತು ಹೇಳಿದರೆ ಸರಿ, ಇಲ್ಲವಾದರೆ ಬಂಡಿ ಹಿಂದಿನ ಓಣಿಗೆ ಹೋಗುತ್ತದೆ, ಅವರು ಆಗಲೇ ಎರಡು ಸಲ ಬಂದು ಕೇಳಿದ್ದಾರೆ, ನಿಮಗೆ ಮುಂದೆ ಯಾವಾಗ ಸಿಗುವುದೋ ನಾನು ಹೇಳಲಾರೆ ಅಂದರು. ಅಂದವರೇ ಸಿಟ್ಟಿನಲ್ಲಿ ಗೂಟ ಕಿತ್ತು ತಂದು, ಮೊದಲು ಇದ್ದಲ್ಲೇ, ನಮ್ಮ ನೈರುತ್ಯಕ್ಕೇ ಮತ್ತೆ ಹೊಡೆದು ಹೋದರು.

ಅವರು ಹೋದ ಮೇಲೆ ನಾನು ಸಂಜೆಯ ನೀರಿಗೆ ಹೊರಟೆ. ಏಳನೆಯ ತಿಂಗಳು ಶುರುವಾಗಿತ್ತು. ಮೂರನೆಯ ಸಲ ಬರುವಾಗ ಕಾಲು ಬಾತು ಚಪ್ಪಲಿಯೊಳಗೆ ಹಿಡಿಯಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದೆ. ಹೆರಿಗೆಗೆ ಮದ್ದಿಕೇರಕ್ಕೆ ಹೋಗುತ್ತೇನೆ, ಸರಿ, ಆಮೇಲೆ? ಕೂಸನ್ನು ಟೊಂಕದ ಮೇಲೆ ಇಟ್ಟುಕೊಂಡರೆ ಕೊಡ ಎಲ್ಲಿಡಲಿ? ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರು ನಮ್ಮ ಅತ್ತೆಯೇ, ಗೂಟ ಮತ್ತೆ ಎಮ್ಮೆಯ ಹತ್ತಿರ ಹೋಗುವುದು ಖಂಡಿತ, ಬಂಡಿ ಹಿಂದಿನ ಓಣಿಗೆ ತಿರುಗುವುದೂ ಖಂಡಿತ. ನನಗೆ ಹೊಟ್ಟೆಯೊಳಗಿಂದ ಸಿಟ್ಟು ಬಂತು. ಆಗಲಿ, ನೋಡೇಬಿಡುತ್ತೇನೆ ಅಂದುಕೊಂಡೆ.

ಶುಕ್ರವಾರ ಅತ್ತೆಗಿಂತ ಮೊದಲು ಎದ್ದೆ. ಮೂಡಣ ಇನ್ನೂ ಬೂದಿ ಬಣ್ಣ. ಅರಿಸಿನ ಕಲಸಿಕೊಂಡು ಹೋಗಿ ಗೂಟಕ್ಕೆ ಬುಡದಿಂದ ತುದಿಯವರೆಗೆ ಬಳಿದೆ. ಅದರ ಮೇಲೆ ಎರಡು ಬೆರಳಿನಲ್ಲಿ ಕುಂಕುಮ ಇಟ್ಟೆ. ಹಿತ್ತಲಿನ ಎರಡು ಕಣಗಿಲ ಹೂ ತಲೆಗೇರಿಸಿದೆ. ತುದಿಯ ಕೆಂಪು ಬಣ್ಣ ಮೊದಲೇ ಇತ್ತಲ್ಲ, ಅರ್ಧ ಕೆಲಸ ಮುನ್ಸಿಪಾಲ್ಟಿಯವರೇ ಮಾಡಿಟ್ಟಿದ್ದರು. ಇಷ್ಟಾದ ಮೇಲೆ ಬರಿಯ ನೆಲದಲ್ಲಿ ದೇವಿಯನ್ನು ಕೂರಿಸಬಾರದು ಅಂತ ಕೈ ತಾನಾಗಿಯೇ ರಂಗೋಲಿ ಹಿಟ್ಟಿಗೆ ಹೋಯಿತು. ಗೂಟದ ಮುಂದೆ ಒಂದು ಕಮಲ ಎಳೆದು ಓಡಿಬಂದು ಬಾಗಿಲ ಹಿಂದೆ ನಿಂತೆ. ನಿಂತ ಮೇಲೆ ನೆನಪಾಯಿತು. ಏಳೇ ಎಸಳು, ಕೊನೆಯದು ಸೊಟ್ಟ. ಅಯ್ಯೋ ನನ್ನ ಕರ್ಮವೇ ಅಂದುಕೊಂಡು ಅಳಿಸಲು ಹೊಸ್ತಿಲು ದಾಟುವಷ್ಟರಲ್ಲಿ ಅತ್ತೆ ಎದ್ದು ಬಂದರು. ಕೈಯಲ್ಲಿ ತಾಮ್ರದ ಬಿಂದಿಗೆ.

ಗೂಟ ಕೀಳಲು ಬಗ್ಗಿದವರು ಹಾಗೇ ನಿಂತರು. ಬಹಳ ಹೊತ್ತು ನಿಂತರು. ಎದುರುಮನೆಯ ಅಗುಳಿ ತೆಗೆದ ಸದ್ದಾಯಿತು. ಆಗ ನಮ್ಮ ಅತ್ತೆ ಬಿಂದಿಗೆಯ ನೀರನ್ನೆಲ್ಲ ಗೂಟದ ಬುಡಕ್ಕೆ ಧಾರೆಯಾಗಿ ಸುರಿದು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟರು. ನನಗೆ ನಗು ಬಂದು ಸೆರಗು ಕಚ್ಚಿಕೊಂಡೆ. ಸಿಕ್ಕಿಬಿದ್ದಳು ನೋಡು ಮುದುಕಿ ಅಂದುಕೊಂಡೆ.

ಎದುರುಮನೆಯಾಕೆ ಕಟ್ಟೆಯ ಮೇಲೆ ಬಂದು ಕಣ್ಣು ಬಿಟ್ಟಳು. ನಮ್ಮ ಅತ್ತೆ ಊರಿನ ಯಾವ ಸ್ವಾಮಿಗೂ ಸುಲಭಕ್ಕೆ ಕೈ ಮುಗಿಯುವ ಹೆಂಗಸಲ್ಲ. ಅಂಥವರು ಮುಗಿದಿದ್ದಾರೆ ಅಂದರೆ ಇದು ಸಣ್ಣ ವಿಷಯವಲ್ಲ. ಆಕೆಯೂ ಇಳಿದು ಬಂದು ಮುಗಿದಳು. ಗಂಗಮ್ಮ ತಾನಾಗಿಯೇ ಬಂದು ಜಾಗ ತೋರಿಸಿದ್ದಾಳೆ ಅಂತ ಮೊದಲು ಅಂದವಳು ಆಕೆಯೇ. ಅದಕ್ಕೇ ಗೂಟ ಓಣಿಯೆಲ್ಲ ತಿರುಗಿತು, ನೆಲೆ ಹುಡುಕುತ್ತಿದ್ದಳು ತಾಯಿ ಅಂದಳು. ತಾನೇ ಎರಡು ಸಲ ಕಿತ್ತು ನೆಟ್ಟದ್ದು ಆಕೆಗೆ ಆ ಕ್ಷಣ ನಿಜವಾಗಿಯೂ ಮರೆತುಹೋಗಿತ್ತು ಅಂತ ನನ್ನ ನಂಬಿಕೆ. ಹೊತ್ತು ಏರುವಷ್ಟರಲ್ಲಿ ಮೂರು ತೆಂಗಿನಕಾಯಿ ಒಡೆದಿದ್ದವು, ಗೂಟಕ್ಕೆ ಹಸಿರು ರವಿಕೆ ಕಣ ಉಡಿಸಿದ್ದರು. ನೈರುತ್ಯ, ಆಗ್ನೇಯ ಎರಡೂ ಎಲ್ಲಿ ಹೋದವೋ. ದೇವಿ ನಿಂತಲ್ಲೇ ಈಶಾನ್ಯ.

ಪೈಪಿನ ಬಂಡಿ ಬಂತು. ಓಣಿಗೆ ಓಣಿಯೇ ಇಲ್ಲೇ ಇಲ್ಲೇ ಅಂತ ಒಂದೇ ಬಾಯಲ್ಲಿ ಹೇಳಿತು. ಓವರ್ಸಿಯರ್ ಸಮಾಧಾನದಿಂದ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, ಹಾಗಾದರೆ ಗೂಟ ಕಿತ್ತು ಅಗೆಯಿರಿ ಅಂದರು. ಒಬ್ಬರೂ ಕದಲಲಿಲ್ಲ. ಕೂಲಿಯವರು ಗುದ್ದಲಿ ಕೆಳಗಿಟ್ಟು ಗಲ್ಲ ಬಡಿದುಕೊಂಡರು. ಸಾಬ್ ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. “ಪೈಪ್ ಕಾ ಕೆಲಸ ನಂದು ಸಾರ್, ದೇವ್ರ ಕೆಲಸ ನಂದಲ್ಲ. ಹಲ್ದಿ ಕುಂಕುಮ ಬಿದ್ದದ್ದು ನಾ ಮುಟ್ಟಂಗಿಲ್ಲ” ಅಂದ. ನೀವೇ ಹೊಡೆದ ಗೂಟ, ನೀವೇ ಕೀಳಿ ಅಂತ ಯಾರೋ ಓವರ್ಸಿಯರಿಗೆ ಅಂದರು. ಅವರು ಗೂಟವನ್ನು ನೋಡಿದರು, ಹೆಂಗಸರನ್ನು ನೋಡಿದರು, ಮೆಲ್ಲಗೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ನಳಕ್ಕೆ ಅಂತ ಹೊಡೆದ ಗೂಟ ನಳಕ್ಕೇ ಜಾಗ ಬಿಡದೆ ಕೂತಿತ್ತು. ನನ್ನ ಬುದ್ಧಿಗೆ ನಾನೇ ಚಪ್ಪಲಿ ತಗೊಂಡು ಹೊಡೆದುಕೊಳ್ಳಬೇಕು ಅನ್ನಿಸಿತು. ಇಷ್ಟು ಮಾಡಿ ಬಂಡಿ ಹಿಂದಿನ ಓಣಿಗೆ ಹೋಗುತ್ತದಲ್ಲಪ್ಪ ಅಂದುಕೊಂಡೆ.

ದೇವಿಗೆ ಎರಡು ಮಾರು ಜಾಗ ಬಿಟ್ಟು ಪಕ್ಕದಲ್ಲಿ ಅಗೆಯುವುದು ಅಂತ ಆಯಿತು. ಯಾವ ಪಕ್ಕ? ಮತ್ತೆ ಎಲ್ಲರ ಕಣ್ಣುಗಳು ಮೂಲೆ ಅಳೆಯತೊಡಗಿದವು. ನಮ್ಮ ಬಾಗಿಲ ಕಡೆ ಅಗೆದರೆ ದಿನಾ ನಮ್ಮ ಹೊಸ್ತಿಲಲ್ಲೇ ಕೆಸರು, ಸರದಿಯ ಜಗಳ, ಹನ್ನೆರಡು ಮನೆಯ ಕೊಡಗಳ ಗಲಾಟೆ. ಅದನ್ನು ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ?

“ಈ ಕಡಿ ಹಾಕ್ರಿ, ನಮ್ಮ ಬಾಗಿಲ ಕಡಿ” ಅಂದರು ಅತ್ತೆ. ಅಂದು ಒಳಗೆ ಹೋಗಿಬಿಟ್ಟರು. ಭಕ್ತಿ ಬಂದರೆ ಮನುಷ್ಯರಿಗೆ ಹೀಗೂ ಆಗುತ್ತದೆ ಅಂತ ನಾನು ಬೆರಗಾದೆ. ಹದಿನೆಂಟು ಹೆಜ್ಜೆ ಹನ್ನೆರಡಾಯಿತು.

ನಳ ನಿಂತಿತು, ನೀರು ಬಂತು. ಬೇಳೆ ಮೊದಲ ಕುದಿಗೇ ಬೆಂದಾಗ ಕೆಡಿಸಿಬಿಟ್ಟೆನೇನೋ ಅಂತ ಹೆದರಿದೆ. ಸೀಮಂತದ ಕುಬಸ ಮುಗಿಸಿಕೊಂಡು ಮದ್ದಿಕೇರಕ್ಕೆ ಹೋದೆ, ಹೆಣ್ಣು ಕೂಸಾಯಿತು. ಐದನೆಯ ತಿಂಗಳಲ್ಲಿ ಕೂಸಿನೊಂದಿಗೆ ತಿರುಗಿ ಬಂದಾಗ ಗೂಟಕ್ಕೆ ಸುತ್ತ ಕಟ್ಟೆ ಕಟ್ಟಿದ್ದರು, ಮೇಲೆ ತಗಡಿನ ನೆರಳು. ಬಾಣಂತಿಯರು ನೀರಿಗೆ ಪೂಜೆ ಮಾಡುವುದು ನಮ್ಮ ಕಡೆ ಪದ್ಧತಿ. ಓಣಿಯ ಮುತ್ತೈದೆಯರು ನನ್ನನ್ನು ಬಾವಿಗೆ ಕರೆದೊಯ್ಯಲಿಲ್ಲ, ನಳದ ಮುಂದೆಯೇ ಕೂರಿಸಿ ಗಂಗಿಪೂಜೆ ಮಾಡಿಸಿದರು. ನನಗೋ ಒಳಗೊಳಗೇ ನಗು. ಅತ್ತೆ ದೂರ ಹೊಸ್ತಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

ಹೆಂಗಸರೆಲ್ಲ ಹೋದ ಮೇಲೆ ನಾನು ಎದ್ದು ಒಳಗೆ ಹೊರಟೆ. ಗಂಗಮ್ಮಗ ಕೈ ಮುಗಿದೇನು ಅಂತ ಅತ್ತೆ ಕೇಳಿದರು. ಮುಗಿದೆ ಅಂದೆ.

“ಬರೇ ನಳಕ್ಕ ಮುಗದಿ. ಗೂಟಕ್ಕೂ ಮುಗಿ, ಕುಂಕುಮ ಇಟ್ಟಾಕಿ ನೀನ ಅದಿ” ಅಂದರು. ಒಳಗೆ ಹೊರಟವಳು ಅಲ್ಲೇ ನಿಂತೆ. “ಏಳ ಎಸಳಿನ ಕಮಲ ಈ ಓಣ್ಯಾಗ ಇನ್ಯಾರು ಬರೀತಾರ? ಎದುರುಮನಿಯಾಕಿ ಬಾಗ್ಲ ತೆರ್ಯೋದ್ರೊಳಗ ಅದನ್ನ ತೊಳೀಬೇಕಿತ್ತು. ನೀರು ಸುರುವಿದೆ.”

ನಳ ನಮಗೆ ನೈರುತ್ಯ ಆಗುತ್ತದೆ ಅಂತಿದ್ದಿರಲ್ಲ ಅತ್ತಿ, ಮಗನಿಗೆ ಕೇಡು ಅಂತಿದ್ದಿರಲ್ಲ ಅಂತ ಕೇಳಿದೆ.

ಅತ್ತೆ ಕೂಸಿನ ಕುಲಾವಿ ಸರಿಮಾಡಿದರು. ಮುಖ ಎತ್ತಲಿಲ್ಲ.

“ಬೆಟ್ಟದ ಬಾವಿ ಯಾವ ಮೂಲಿಗೈತಿ, ನೀನ ಹೇಳು. ಈಶಾನ್ಯಕ್ಕ ಐತಿ. ಏಳ ತಿಂಗಳಕ ಆ ಮೆಟ್ಲ ಮ್ಯಾಲ ಬಿದ್ದೆ, ತಲಿ ಮ್ಯಾಲ ಕೊಡ ಇತ್ತು. ನನ್ನ ಮೊದಲನೇ ಕೂಸು ಅಲ್ಲೇ ಹೋತು. ಅದೂ ಹೆಣ್ಣ ಇತ್ತು.”

ನಾನು ತಿರುಗಿ ಹೋಗಿ ಗೂಟದ ಮುಂದೆ ಕೂತೆ. ಈ ಸಲ ನಗು ಬರಲಿಲ್ಲ. ಎರಡೂ ಕೈ ಜೋಡಿಸಿದೆ. ಹಿಂದಿನಿಂದ ಅತ್ತೆಯ ದನಿ ಬಂತು, ಬಹಳ ಹೊತ್ತು ಕೂರಬೇಡ, ಕೂಸು ಹಸಿದೈತಿ ಅಂತ.